ಸಣ್ಣ ಕೈಗೆ ಒಂದು ಡ್ರಿಲ್ ಮಷೀನು

ನನ್ನ ಕೈ ಸಣ್ಣವು. ಮೈ ಸಣ್ಣದಲ್ಲ, ಹೆಗಲ ಮೇಲೆ ಸಾಗವಾನಿ ತೊಲೆ ಹೊರುತ್ತೇನೆ. ಕೈ ಮಾತ್ರ ಬೆಳೆಯಲಿಲ್ಲ. ಮೀಸೆ ಬಂದ ಮೇಲೂ ನನ್ನ ಅಂಗೈ ಅವ್ವನ ಅಂಗೈಯಷ್ಟೇ ಉಳಿಯಿತು. ಬೆರಳು ಮೋಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆಗಿದ್ದಕ್ಕೆಲ್ಲ ಇದೇ ಕಾರಣ.

ಬಡಗಿಗೆ ಕೈ ಸಣ್ಣದಾದರೆ ಹಾನಿ ಇಲ್ಲ. ನಮ್ಮಲ್ಲಿ ಯಾರೂ ಹಿಡಿಕೆ ಸಮೇತ ಹತ್ಯಾರ ಕೊಳ್ಳುವುದಿಲ್ಲ. ಉಳಿಯಾಗಲಿ ಬಾಚಿಯಾಗಲಿ, ಕಬ್ಬಿಣವನ್ನಷ್ಟೇ ಕಮ್ಮಾರನ ಹತ್ತಿರ ಮಾಡಿಸುತ್ತೇವೆ. ಹಿಡಿಕೆ ನಮ್ಮದು. ಜಾಲಿಯ ಒಣ ಕಟ್ಟಿಗೆ ತಗೊಂಡು, ಕೆತ್ತಿ, ಮುಷ್ಟಿಯಲ್ಲಿ ಹಿಡಿದು, ಮತ್ತೆ ಕೆತ್ತಿ, ಕೈಗೆ ಹತ್ತುವ ತನಕ ಬಿಡುವುದಿಲ್ಲ. ಹೀಗಾಗಿ ಒಬ್ಬನ ಉಳಿ ಇನ್ನೊಬ್ಬನ ಕೈಗೆ ಹತ್ತುವುದಿಲ್ಲ. ಕೇಳುವುದೂ ಇಲ್ಲ, ಕೊಡುವುದೂ ಇಲ್ಲ. ನನ್ನ ಉಳಿಯ ಹಿಡಿಕೆ ನೋಡಿದವರು ಹುಡುಗರ ಆಟಿಕೆ ಸಾಮಾನು ಅನ್ನುತ್ತಿದ್ದರು. ಅದೇ ಉಳಿಯಿಂದ ನಾನು ಕೂಡಿಸಿದ ಮೂಲೆಯಲ್ಲಿ ಕೂದಲು ಹೋಗುತ್ತಿರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಇದ್ದದ್ದು ಹೇಳುತ್ತೇನೆ.

ಇಳಕಲ್ಲಿನಲ್ಲಿ ನನ್ನ ಸೋದರಮಾವನ ಅಂಗಡಿ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಮಗ್ಗ. ಆ ಮಗ್ಗಗಳ ರಿಪೇರಿ, ಅದರ ಜೊತೆಗೆ ಬಾಗಿಲು ಕಿಟಕಿ ಚೌಕಟ್ಟು, ಇಷ್ಟು ನಮ್ಮ ಕೆಲಸ. ನಾಲ್ಕನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟವನು ಮಾವನ ಕೈಕೆಳಗೆ ಸೇರಿದೆ. ಅಲ್ಲಿ ಇನ್ನೊಬ್ಬ ಇದ್ದ, ಮಾವನ ಮಗ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ವರಸೆಯಲ್ಲಿ ಭಾವ. ಅವನ ಅಂಗೈ ರೊಟ್ಟಿ ಹಂಚಿನಷ್ಟು ಅಗಲ. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿದಿತ್ತು. ಮಾವ ಬಾಗಲಕೋಟೆಗೆ ಹೋಗಿ ಕರೆಂಟಿನ ಡ್ರಿಲ್ ಮಷೀನು ತಂದ. ಅಲ್ಲಿಯವರೆಗೆ ನಾವು ತೂತು ಹಾಕುತ್ತಿದ್ದದ್ದು ಗಿರಮಿಟ್ಟಿನಿಂದ, ಎದೆ ಒತ್ತಿ, ಕೈಯಿಂದ ತಿರುವಿ. ಒಂದು ಚೌಕಟ್ಟಿಗೆ ಬೋಲ್ಟಿನ ತೂತು ಹಾಕುವಷ್ಟರಲ್ಲಿ ಅರ್ಧ ದಿನ ಹೋಗುತ್ತಿತ್ತು. ಮಷೀನು ಅದನ್ನು ಚಹಾ ಕುಡಿಯುವಷ್ಟರಲ್ಲಿ ಮುಗಿಸಿತು. ಓಣಿಯ ಜನ ಬಂದು ನಿಂತು ನೋಡಿದರು.

ಮಷೀನು ಪೊಲೀಸರ ಪಿಸ್ತೂಲಿನ ಹಾಗಿತ್ತು. ಮುಂದೆ ಭಾರದ ಮೋಟಾರು, ಅದರ ಕೆಳಗೆ ಒನಕೆ ದಪ್ಪದ ಹಿಡಿಕೆ, ಹಿಡಿಕೆಯ ಮುಂದೆ ಸ್ವಿಚ್ಚು. ಭಾವ ಹಿಡಿದರೆ ಹಿಡಿಕೆ ಅವನ ಮುಷ್ಟಿಯೊಳಗೆ ಮಾಯವಾಗುತ್ತಿತ್ತು. ನಾನು ಹಿಡಿದರೆ ಬೆರಳ ತುದಿ ಮಾತ್ರ ಸ್ವಿಚ್ಚಿಗೆ ಮುಟ್ಟುತ್ತಿತ್ತು. ಸ್ವಿಚ್ಚು ಒತ್ತಿದರೆ ಹಿಡಿತ ಸಡಿಲ, ಹಿಡಿತ ಬಿಗಿ ಮಾಡಿದರೆ ಸ್ವಿಚ್ಚಿನಿಂದ ಬೆರಳು ಜಾರುತ್ತಿತ್ತು. ಹಾಗೂ ಹೀಗೂ ಎರಡು ತೂತು ಹಾಕಿದೆ. ಮೂರನೆಯದರಲ್ಲಿ ಕಟ್ಟಿಗೆಯ ಗಂಟು ಸಿಕ್ಕಿತು. ಮಷೀನಿನ ಮೂತಿಯ ಬೈರಿಗೆ ಗಂಟಿನಲ್ಲಿ ಕಚ್ಚಿಕೊಂಡು ನಿಂತಿತು, ಮಷೀನು ನಿಲ್ಲಲಿಲ್ಲ. ಅದು ತಿರುಗಿತು, ಅದರ ಜೊತೆ ನನ್ನ ಮಣಿಕಟ್ಟೂ ತಿರುಗಿತು. ಚೌಕಟ್ಟು ಸೀಳಿತು. ಕೈ ಊದಿ ಒಂದು ವಾರ ಎಡಗೈಯಲ್ಲಿ ಉಂಡೆ.

ಭಾವನಿಗೆ ಹಬ್ಬವಾಯಿತು. “ಲೇ, ನೀ ಬಳಿಗಾರನ ಕಡೆ ಹೋಗು. ನಿನ್ನ ಕೈಗೆ ಹಸರ ಬಳಿ ಚಲೋ ಒಪ್ಪತಾವ” ಅಂದ.

ಮಾವ ನಗಲಿಲ್ಲ. ಇನ್ನು ಮೇಲೆ ನಾನು ಮಷೀನು ಮುಟ್ಟಬಾರದು ಎಂದು ಹೇಳಿ ಒಳಗೆ ಹೋದ. ಭಾವನ ಮಾತಿಗಿಂತ ಇದು ಹೆಚ್ಚು ನಟ್ಟಿತು. ಅದಕ್ಕೆ ಕಾರಣವಿತ್ತು. ಬಾದಾಮಿಯಲ್ಲಿ ಒಬ್ಬ ವ್ಯಾಪಾರಿ ಪ್ರವಾಸಿಗಳಿಗೆ ಲಾಡ್ಜು ಕಟ್ಟಿಸುತ್ತಿದ್ದ. ಅದರ ಬಾಗಿಲು ಕಿಟಕಿ ಎಲ್ಲಾ ನಮ್ಮ ಅಂಗಡಿಗೆ ಬಂದಿತ್ತು. ದೀಪಾವಳಿ ಆದ ಮೇಲೆ ಅಲ್ಲೇ ಹೋಗಿ ಉಳಿದು ಮಾಡಬೇಕು. ಮಾವನಿಗೆ ಮೊಣಕಾಲು ನೋವು, ತಾನು ಹೋಗುವಂತಿರಲಿಲ್ಲ. ಇಬ್ಬರಲ್ಲಿ ಒಬ್ಬನನ್ನು ಮಿಸ್ತ್ರಿ ಮಾಡಿ ಕಳಿಸಬೇಕು, ಇನ್ನೊಬ್ಬ ಅವನ ಕೈಕೆಳಗೆ. ಗೆರೆ ಹಾಕುವುದು, ಮೂಲೆ ಕೂಡಿಸುವುದು ಎಲ್ಲಾ ನನ್ನದೇ ಚೊಕ್ಕ, ಇದು ಮಾವನಿಗೂ ಗೊತ್ತಿತ್ತು. ಆದರೆ ಮಷೀನು ಹಿಡಿಯಲು ಬಾರದವನನ್ನು ಮಿಸ್ತ್ರಿ ಎಂದು ಹೇಗೆ ಕಳಿಸುವುದು? ಮಾವನ ಜಾಗದಲ್ಲಿ ನಾನಿದ್ದರೂ ಕಳಿಸುತ್ತಿರಲಿಲ್ಲ.

ಹಾಗಾದರೆ ನನಗೆ ಹತ್ತುವ ಮಷೀನು ಹುಡುಕುವುದೊಂದೇ ದಾರಿ.

ಸಾಮಿಲ್ಲಿನಿಂದ ಕಟ್ಟಿಗೆ ತರಲು ನಾನೇ ಬಾಗಲಕೋಟೆಗೆ ಹೋಗುತ್ತಿದ್ದೆ. ಕಟ್ಟಿಗೆ ಕೊಯ್ಯುವ ತನಕ ಪೇಟೆಯಲ್ಲಿ ಮಷೀನಿನ ಅಂಗಡಿ ಹೊಕ್ಕು, ಹಿಡಿದು ನೋಡುತ್ತೇನೆ ಎಂದು ಕೇಳುತ್ತಿದ್ದೆ. ಇದ್ದದ್ದೇ ಎರಡು ಮೂರು ಅಂಗಡಿ. ಎಲ್ಲಾ ಕಡೆ ಅದೇ ಪಿಸ್ತೂಲು, ಬಣ್ಣ ಬೇರೆ. ಒಬ್ಬ ಸಾಹುಕಾರನಿಗೆ ಸಣ್ಣ ಹಿಡಿಕೆಯದು ಇಲ್ಲವೇ ಎಂದು ಕೇಳಿದೆ. ಅವನು ಎಲೆ ಅಡಿಕೆ ಅಗಿಯುತ್ತ ನನ್ನ ಕೈ ನೋಡಿದ.

“ಮಷೀನ್ ಎಲ್ಲಾ ಒಂದ ಅಳತಿ ಬರ್ತಾವೋ ತಮ್ಮಾ.”

“ಚಪ್ಪಲಿ ಎಲ್ಲಾರಿಗೂ ಒಂದ ಅಳತಿ ಬರ್ತಾವೇನ್ರಿ ಸಾವ್ಕಾರ್ರ?”

“ಕಂಪನಿಯವ್ರಿಗೆ ಹೋಗಿ ಕೇಳು. ನಾ ಮಾರಾಂವ, ಮಾಡಾಂವಲ್ಲ.”

ಅವನು ಹೇಳಿದ್ದು ಖರೆ. ಆದರೆ ನನಗೆ ಅಂದು ಒಂದು ಮಾತು ಬಗೆಹರಿಯಿತು. ತಪ್ಪು ನನ್ನ ಕೈಯದಲ್ಲ. ಆ ಹಿಡಿಕೆ ಮಾಡಿದವನು ಯಾರದೋ ಕೈ ನೋಡಿ ಮಾಡಿದ್ದಾನೆ, ನನ್ನದನ್ನು ನೋಡಿಲ್ಲ. ಅಷ್ಟೇ.

ಇಷ್ಟರಲ್ಲಿ ಖಂಡೇನವಮಿ ಬಂತು, ಆಯುಧಪೂಜೆ.

ಆ ಹಬ್ಬಕ್ಕೆ ನಾವು ಹತ್ಯಾರ ಎಲ್ಲಾ ತೊಳೆಯುತ್ತೇವೆ. ವರ್ಷದ ಎಣ್ಣೆ, ಜಿಡ್ಡು, ಕಟ್ಟಿಗೆ ಹೊಟ್ಟು ಎಲ್ಲಾ ಹೋಗಬೇಕು. ತೊಳೆದು ಕಂಬಳಿ ಮೇಲೆ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡಿದರೆ ಮುಗಿಯಿತು, ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವಂತಿಲ್ಲ. ಅಂಗಡಿಯ ದೊಡ್ಡ ಹತ್ಯಾರಗಳನ್ನು ಮಾವ ತಾನೇ ತೊಳೆಯುವ ಪದ್ಧತಿ. ಆ ವರ್ಷ ಎಲ್ಲಕ್ಕಿಂತ ದೊಡ್ಡ ಹತ್ಯಾರ ಯಾವುದು? ಮಷೀನು. ಮಾವ ಭಕ್ತಿಯಿಂದ ಅದನ್ನು ಬಕೀಟಿನಲ್ಲಿ ಮುಳುಗಿಸಿದ. ಹುಣಸೆಹಣ್ಣು ಹಚ್ಚಿ ತಿಕ್ಕಿದ. ಗಾಳಿ ಆಡುವ ಸಂದಿಯಲ್ಲಿ ಹೊಟ್ಟು ಕೂತಿದೆ ಎಂದು ಅದರೊಳಗೆ ನೀರು ಸುರುವಿದ. ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಉಳಿ ತೊಳೆದಂತೆ ಇದನ್ನೂ ತೊಳೆಯಬೇಕು, ನಮಗೂ ಅದರಲ್ಲಿ ತಪ್ಪು ಕಾಣಲಿಲ್ಲ. ತೊಳೆದ ಮೇಲೆ ಮಷೀನು ಹೊಸ ಹಂಡೆಯಂತೆ ಹೊಳೆಯಿತು. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಹಾರ.

ಮರುದಿನ ಮಾವ ಊರೆಲ್ಲ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಎಲ್ಲರಿಗೂ ಹೇಳಿ ಬಂದ. ಒಳ್ಳೆಯ ಗಳಿಗೆ ನೋಡಿ ಕೆಲಸ ಶುರು ಮಾಡಬೇಕೆಂದು ಮಷೀನಿನ ವಾಯರು ಹಚ್ಚಿ ಸ್ವಿಚ್ಚು ಒತ್ತಿದ. ಅದು ಒಮ್ಮೆ ಗುರ್ ಅಂತು. ಹೊಗೆ ಬಂತು. ಓಣಿಗೆಲ್ಲ ಕರೆಂಟು ಹೋಯಿತು. ಮಾವ ಅದನ್ನು ಕೆಳಗಿಟ್ಟು ಪಟಕಾ ತೆಗೆದು ತಲೆ ಕೆರೆದುಕೊಂಡ.

ಹುನಗುಂದದಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನೊಬ್ಬ ಇದ್ದಾನೆಂದು ಯಾರೋ ಹೇಳಿದರು. ಮಷೀನನ್ನು ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಮುಟ್ಟಬೇಡ ಎಂದ ಮಷೀನನ್ನೇ ಹೊತ್ತು ನಾನು ಬಸ್ಸು ಹತ್ತಿದೆ.

ಅಂಗಡಿ ಕೋರ್ಟಿನ ಹಿಂದೆ ಇತ್ತು. ಹೊಲದ ಪಂಪಿನ ಮೋಟಾರುಗಳು ಬಾಗಿಲ ತನಕ ಬಿದ್ದಿದ್ದವು. ಸುತ್ತುವವನು ಮಷೀನು ಬಿಚ್ಚಿ, ಅಲುಗಾಡಿಸಿ, ಒಳಗಿನಿಂದ ನೀರು ತೊಟ್ಟಿಕ್ಕಿದ್ದು ನೋಡಿದ. “ಖಂಡೇ ಪೂಜಿಗೆ ತೊಳದ್ರೇನು?” ಎಂದು ಕೇಳಿದ. ಹೌದೆಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಮೂಲೆ ತೋರಿಸಿದ. ಅಲ್ಲಿ ಒಂದು ಹಿಟ್ಟಿನ ಗಿರಣಿಯ ಮೋಟಾರು, ಒಂದು ಫ್ಯಾನು, ಕುಂಕುಮ ಹಚ್ಚಿದ ಹಾಗೇ ಕೂತಿದ್ದವು. ಬನ್ನಿ ಆದ ವಾರ ಪ್ರತಿ ವರ್ಷ ತನಗೆ ಸುಗ್ಗಿ ಎಂದ.

ನನ್ನ ಕಣ್ಣು ಅವನ ಮೇಲೆ ಇರಲಿಲ್ಲ. ಒಳಗೆ ಅವನ ಹೆಂಡತಿ ಕೂತು ತಗಡಿನ ಡಬ್ಬಿಗೆ ತೂತು ಹಾಕುತ್ತಿದ್ದಳು. ಅವಳ ಕೈಯಲ್ಲಿ ಡ್ರಿಲ್ ಮಷೀನು. ಅಂಥದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ಹಿಡಿಕೆ ಕೆಳಗಿರಲಿಲ್ಲ, ಹಿಂದೆ ಇತ್ತು. ಸಲಿಕೆಯ ಹಿಡಿಕೆಯ ಹಾಗೆ ಕಬ್ಬಿಣದ ಬಳೆ, ಅದರೊಳಗೆ ಬೆರಳು ಹಾಕಿ ಹಿಡಿಯುವುದು. ಸ್ವಿಚ್ಚು ಹೆಬ್ಬೆರಳಿಗೆ. ಪಕ್ಕಕ್ಕೆ ಒಂದು ಸರಳು, ಎಡಗೈಗೆ. ಅವಳು ಒತ್ತುತ್ತಿರಲಿಲ್ಲ. ಮೈ ಮುಂದೆ ಬಾಗಿಸುತ್ತಿದ್ದಳು ಅಷ್ಟೇ, ಮಷೀನು ತಾನೇ ಹೋಗುತ್ತಿತ್ತು.

ನಾನು ಒಮ್ಮೆ ಹಿಡಿದು ನೋಡುತ್ತೇನೆ ಎಂದೆ. ಅವಳು ಗಂಡನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ಕೊಟ್ಟಳು.

ನಾಲ್ಕು ಬೆರಳೂ ಬಳೆಯೊಳಗೆ ಹೋದವು. ಸುತ್ತಿ ಬಂದು ಅಂಗೈಗೆ ತಾಗಿದವು. ಹೆಬ್ಬೆರಳು ಸ್ವಿಚ್ಚಿನ ಮೇಲೆ ತಾನೇ ಕೂತಿತು. ನನ್ನ ಉಳಿ ಹಿಡಿದ ಹಾಗಾಯಿತು. ಎಷ್ಟು ಹೊತ್ತು ಹಿಡಿದು ನಿಂತಿದ್ದೆನೋ, ಅವಳು ನಕ್ಕಳು.

“ನಮ್ಮ ಯಜಮಾನ್ರ ಬೆರಳು ಇದರಾಗ ಹೋಗಂಗಿಲ್ಲ. ಅದಕ್ಕ ಇದು ನನ್ನ ಪಾಲಿಗೆ ಉಳದೈತಿ, ತಮ್ಮಾ. ಕೇಳಬ್ಯಾಡ, ಕೊಡಂಗಿಲ್ಲ.”

ಕೇಳುವವನಿದ್ದೆ. ಎಲ್ಲಿಂದ ಬಂತು ಎಂದಷ್ಟೇ ಕೇಳಿದೆ. ಡ್ಯಾಮಿನ ಕೆಲಸದ ಹಳೆಯ ಸಾಮಾನು ಹರಾಜಾದಾಗ ಬಂದದ್ದು, ಅದೇ ಲಾಟಿನ ಸಾಮಾನು ಬಾಗಲಕೋಟೆಯ ಗುಜರಿಯಲ್ಲಿ ಇನ್ನೂ ಬಿದ್ದಿರಬಹುದು ಎಂದು ಗಂಡ ಹೇಳಿದ. ಹೆಂಡತಿ ಹೇಗೆ ನೋಡಬೇಕೆಂದು ಹೇಳಿಕೊಟ್ಟಳು. ಸುಟ್ಟಿದ್ದರೆ ಚಿಂತೆ ಇಲ್ಲ, ಸುತ್ತಿಕೊಡುತ್ತೇವೆ. ಒಳಗಿನ ಗಿಯರಿನ ಹಲ್ಲು ಮುರಿದಿದ್ದರೆ ತರಬೇಡ. ಮತ್ತೆ ಹಿಡಿಕೆಯ ಮಾತು ಬಂದಾಗ ಎದ್ದು ನಿಂತು ಹೇಳಿದಳು:

“ಬೆರಳು ಮುಟ್ಟಿದ್ರ ಸಾಲಂಗಿಲ್ಲ, ಸುತ್ತಿ ಬರಬೇಕು. ಮತ್ತ ಕೈ ಮುಂದ ಚಾಚಿ ಹಿಡದ ನೋಡು. ಮೂತಿ ಕೆಳಗ ಜಗ್ಗಿದ್ರ ಅದು ನಿಂದಲ್ಲ, ಬಿಟ್ಟು ಬಾ.”

ಇಂಥ ನೇರ ಮಾತು ನನಗೆ ಹಿಡಿಸುತ್ತದೆ. ಮುಂದಿನ ವಾರವೇ ಬಾಗಲಕೋಟೆಯ ಗುಜರಿಗೆ ಹೋದೆ. ತುಕ್ಕು ಹಿಡಿದ ಸಾಮಾನಿನ ಗುಡ್ಡೆ. ಮೇಲೆ ಹತ್ತಿ ಒಂದೊಂದೇ ಎಳೆದು ತೆಗೆದೆ. ಹಿಡಿದೆ, ಕೈ ಚಾಚಿದೆ, ಬಿಟ್ಟೆ. ಒಂದರ ಮೂತಿ ಜಗ್ಗಿತು. ಒಂದರ ಬಳೆ ಭಾವನಿಗೂ ದೊಡ್ಡದಾಗುತ್ತಿತ್ತು. ಒಂದರ ಹಲ್ಲು ಉದುರಿ ಹೋಗಿತ್ತು. ಗುಜರಿಯ ಚಾಚಾ ಮಂಚದ ಮೇಲೆ ಕೂತು ನೋಡಿ ನೋಡಿ ಸಾಕಾಗಿ, “ಹೆಣ್ಣ ನೋಡಾಕ ಬಂದೀಯೇನೋ? ಎಲ್ಲಾರ ಕೈ ಹಿಡದ ಹಿಡದ ನೋಡಾಕತ್ತಿ” ಎಂದ.

ಹೊತ್ತು ಇಳಿಯುವಾಗ ಸಿಕ್ಕಿತು. ಗುಡ್ಡೆಯ ತಳದಲ್ಲಿ, ಮಣ್ಣು ಮೆತ್ತಿಕೊಂಡು. ಹುನಗುಂದದಲ್ಲಿ ತಮ್ಮಾ ಎಂದ ಆ ಅಕ್ಕನ ಮಷೀನಿಗಿಂತ ತುಸು ಉದ್ದ, ಹಿಂದೆ ಅದೇ ಬಳೆ. ಅಂಗಿಯಿಂದ ಒರೆಸಿ ಬೆರಳು ಹಾಕಿದೆ. ಸುತ್ತಿ ಬಂದವು. ಕೈ ಚಾಚಿದೆ. ಮೂತಿ ಅಲುಗಲಿಲ್ಲ, ನೆಟ್ಟಗೆ ನಿಂತಿತು. ಒಳಗೆಲ್ಲ ಸುಟ್ಟು ಕರ್ರಗಾಗಿತ್ತು, ಆದರೆ ಹಲ್ಲು ಒಂದೂ ಹೋಗಿರಲಿಲ್ಲ. ಕಬ್ಬಿಣದ ತೂಕಕ್ಕೆ ಚಾಚಾ ಕೊಟ್ಟುಬಿಟ್ಟ. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಪಕ್ಕದವರು ಏನೆಂದು ಕೇಳಿದರು. ನನ್ನ ಹತ್ಯಾರ ಎಂದೆ.

ಹುನಗುಂದದ ಅಕ್ಕ ಅದನ್ನು ತಾನೇ ಸುತ್ತಿದಳು. ಸುತ್ತಿದ್ದಕ್ಕೆ ನಾನು ಅವಳಿಗೆ ಕಟ್ಟಿಗೆಯ ಅಚ್ಚು ಮಾಡಿಕೊಟ್ಟೆ. ಮೋಟಾರಿನ ತಂತಿ ಸುತ್ತಲು ಅವರಿಗೆ ಬೇರೆ ಬೇರೆ ಅಳತೆಯ ಅಚ್ಚು ಬೇಕು. ಇದ್ದವೆಲ್ಲ ಸವೆದಿದ್ದವು, ಅದೂ ಗಂಡನ ಕೈಗೆ ಮಾಡಿದವು. ನಾನು ಅವಳ ಕೈ ನೋಡಿ ಮಾಡಿದೆ. ಅವಳು ತಿರುವಿ ನೋಡಿ, ಇಷ್ಟು ದಿನ ಇದನ್ನು ಯಾಕೆ ಯಾರೂ ಮಾಡಲಿಲ್ಲ ಎಂದಳು. ನಮ್ಮ ಕೈ ಯಾರು ನೋಡುತ್ತಾರೆ ಎಂದೆ. ಇಬ್ಬರೂ ನಕ್ಕೆವು. ಮಷೀನಿನ ಮೈ ಕಬ್ಬಿಣದ್ದು, ಕರೆಂಟು ಹೊಡೆಯಬಾರದೆಂದು ಅವಳ ಗಂಡ ಮೂರು ಎಳೆಯ ವಾಯರು ಹಾಕಿ ಅರ್ಥಿಂಗ್ ಕೊಟ್ಟ. ಪಕ್ಕದ ಬರಿ ಸರಳಿಗೆ ನಾನು ಜಾಲಿಯ ಹಿಡಿಕೆ ಕೆತ್ತಿ ಕೂಡಿಸಿದೆ. ಈಗ ಅದು ಪೂರ್ತಿ ನನ್ನದಾಯಿತು.

ಅಂಗಡಿಗೆ ತಂದಾಗ ದೀಪಾವಳಿಗೆ ಇನ್ನು ನಾಲ್ಕಾರು ದಿನ ಇತ್ತು. ದೊಡ್ಡ ಮಷೀನೂ ರಿಪೇರಿಯಾಗಿ ಬಂದಿತ್ತು. ಭಾವ ನನ್ನದನ್ನು ನೋಡಿ, “ಇದೇನಲೇ, ಬೆಣ್ಣಿ ಕಡಿಯೋದೇನು?” ಅಂದ. ಬಾದಾಮಿಗೆ ಒಯ್ಯಲು ಕೊಯ್ದಿಟ್ಟ ತಲೆಬಾಗಿಲಿನ ಚೌಕಟ್ಟಿನ ಕಂಬ ಅಲ್ಲೇ ಮಲಗಿತ್ತು. ಅದರಲ್ಲಿ ಉಳಿದ ತುಂಡಿನ ಮೇಲೆ ಮಾವ ಉಗುರಿನಿಂದ ಎರಡು ಗುರುತು ಹಾಕಿದ. ಒಂದು ಗಂಟಿನ ಮೇಲೇ ಬಿದ್ದಿತ್ತು. ಬೇಕಂತಲೇ ಹಾಕಿದ್ದ.

“ಅದನ್ನ ನೀ ಹಾಕು” ಎಂದು ನನಗೆ ಹೇಳಿದ.

ಭಾವನಿಗೆ ಗಂಟಿಲ್ಲದ ಗುರುತು ಬಂತು. ಅವನು ದೊಡ್ಡ ಮಷೀನು ಹಿಡಿದು ಒಂದೇ ಕೈಯಲ್ಲಿ ಒತ್ತಿ ಮುಗಿಸಿದ. ನಾನು ಬಳೆಯೊಳಗೆ ಬೆರಳು ಹಾಕಿದೆ, ಎಡಗೈ ಜಾಲಿ ಹಿಡಿಕೆಯ ಮೇಲೆ. ಅಕ್ಕ ಮಾಡಿದ ಹಾಗೆ ಮೈ ಬಾಗಿಸಿದೆ. ಗಂಟು ಬಂದಾಗ ಮಷೀನು ತಿರುಗಲು ನೋಡಿತು. ಕೈ ಬಿಡಲಿಲ್ಲ, ಬಿಡುವ ಹಾಗೇ ಇರಲಿಲ್ಲ, ಬೆರಳು ಅಷ್ಟು ಬಿಗಿ ಕೂತಿದ್ದವು. ಹೆಬ್ಬೆರಳು ಎತ್ತಿದೆ, ಮಷೀನು ನಿಂತಿತು. ಬೈರಿಗೆ ಒಂಚೂರು ಹಿಂದೆ ಎಳೆದು ಮತ್ತೆ ಬಿಟ್ಟೆ. ಗಂಟು ದಾಟಿ ಹೋಯಿತು. ಆಚೆ ಕಡೆ ಕಟ್ಟಿಗೆಯ ಸಿಬಿರು ಏಳದೆ ತೂತು ಬಿತ್ತು.

ಮಾವ ಎರಡೂ ತೂತಿನಲ್ಲಿ ನೆಟ್ಟನೆಯ ಸರಳು ಇಟ್ಟು, ಮೂಲೆ ನೋಡುವ ಗುಣ್ಯಾ ಹಿಡಿದ. ಭಾವನ ಸರಳು ತುಸು ವಾಲಿತ್ತು. ನನ್ನ ಸರಳಿಗೂ ಗುಣ್ಯಾಕ್ಕೂ ನಡುವೆ ಬೆಳಕು ಹಾಯಲಿಲ್ಲ. ಮಾವ ಕೂತು, ಎದ್ದು, ಇನ್ನೊಂದು ಮಗ್ಗಲಿಂದಲೂ ನೋಡಿದ. ನಾನು ಹೆದರಿರಲಿಲ್ಲ. ನನಗೆ ಗೊತ್ತಿತ್ತು.

ಭಾವ ನಂಬಲಿಲ್ಲ. ಮಷೀನಿನ ಗುಣವೇ ಹಾಗೆ ಇರಬೇಕು, ನನಗೂ ಕೊಡು ಎಂದ. ಕೊಟ್ಟೆ. ಬಳೆಯೊಳಗೆ ಬೆರಳು ತುರುಕಿದ. ಎರಡು ಹೋದವು. ಮೂರನೆಯದನ್ನು ಜೋರು ಮಾಡಿ ಹಾಕಿದ, ಆಮೇಲೆ ಹೊರಗೆ ಬರಲಿಲ್ಲ. ಅತ್ತೆ ಒಳಗಿನಿಂದ ಒಳ್ಳೆಣ್ಣೆ ತಂದು ಸುರುವಬೇಕಾಯಿತು. ಮಾವ ಆಗ ನಕ್ಕ, ಪಟಕಾದ ತುದಿಯಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕ.

“ನೀ ಬಳಿಗಾರನ ಕಡೆ ಹೋಗಬ್ಯಾಡಪಾ” ಎಂದು ಭಾವನಿಗೆ ಹೇಳಿದೆ, “ನಿನಗ ಅಲ್ಲೂ ಹತ್ತಂಗಿಲ್ಲ.”

ನಗು ನಿಂತ ಮೇಲೆ ಮಾವ ನನಗೆ ಹೇಳಿದ್ದು ಇಷ್ಟು: “ಪಾಡ್ಯಾ ಆದ ಮರದಿನ ಬಸ್ಸಿಗೆ ಹೋಗ್ರಿ ಇಬ್ರೂ. ಲೆಕ್ಕಾಚಾರ, ಅಳತಿ, ಎಲ್ಲಾ ನಿಂದು. ಅಂವಾ ನೀ ಹೇಳಿದಂಗ ಮಾಡ್ತಾನ.”

ಬಾದಾಮಿಯಲ್ಲಿ ಗೋಡೆ ಎಲ್ಲಾ ಕೆಂಪು ಕಲ್ಲಿನವು. ಚೌಕಟ್ಟು ಒಂದು ನೂಲು ವಾಲಿದರೂ ಕಲ್ಲಿನ ಪಕ್ಕ ಕಣ್ಣಿಗೆ ಹೊಡೆಯುತ್ತದೆ. ನಾನು ಗೆರೆ ಹಾಕಿದೆ, ತೂತು ಹಾಕಿದೆ. ಭಾವ ಎತ್ತಿದ, ನಿಲ್ಲಿಸಿದ, ಬೋಲ್ಟು ಬಿಗಿದ. ಅವನ ಕೈಯಷ್ಟು ಬಿಗಿ ಬೋಲ್ಟನ್ನು ನಾನು ಜನ್ಮದಲ್ಲಿ ಬಿಗಿಯಲಾರೆ. ಅದನ್ನೂ ಹೇಳಬೇಕು. ಗೋಡೆ ಮೂಲೆಗಳಲ್ಲಿ, ಕಪಾಟಿನ ಒಳಗೆ ದೊಡ್ಡ ಮಷೀನು ಹೋಗದ ಕಡೆ ನನ್ನದು ಹೋಯಿತು. ಕಲ್ಲು ಕಟ್ಟುವವರು ಕೆಲಸ ಬಿಟ್ಟು ಬಂದು ಹಿಡಿದು ನೋಡುತ್ತಿದ್ದರು. ಅವರ ಬೆರಳೂ ಹೋಗಲಿಲ್ಲ.

ತಲೆಬಾಗಿಲು ನಿಲ್ಲಿಸುವ ದಿನ ಮಾವನೂ ಮೊಣಕಾಲು ಹಿಡಿದುಕೊಂಡು ಬಂದ. ಆ ದಿನ ಚೌಕಟ್ಟಿಗೆ ಪೂಜೆ ಆದ ಮೇಲೆ ಮನೆಯ ಯಜಮಾನ ಮಿಸ್ತ್ರಿಗೆ ಪಟಕಾ ಸುತ್ತಿ ಮರ್ಯಾದೆ ಮಾಡಬೇಕು. ಲಾಡ್ಜಿನ ಸಾಹುಕಾರ ತಟ್ಟೆಯಲ್ಲಿ ಪಟಕಾ, ಕಾಯಿ, ಎಲೆ ಅಡಿಕೆ ಹಿಡಿದು ಬಂದ. ತನ್ನ ವ್ಯಾಪಾರ ಬಿಟ್ಟು ಕೆಲಸದ ಕಡೆ ಬಂದವನಲ್ಲ, ನಮ್ಮನ್ನು ಸರಿಯಾಗಿ ನೋಡಿರಲಿಲ್ಲ. ಮಾವನ ಕಡೆ ನಡೆದ. ಮಾವ ತಾನು ಬರೀ ನೋಡಲು ಬಂದವನು ಎಂದು ಹಿಂದೆ ಸರಿದ. ಸಾಹುಕಾರ ಭಾವನ ಕಡೆ ತಿರುಗಿದ. ಅವನ ಮೈಕಟ್ಟು ನೋಡಿದರೆ ಯಾರಾದರೂ ತಿರುಗುತ್ತಾರೆ.

ಭಾವ ಕೈ ಮುಂದೆ ಚಾಚಲಿಲ್ಲ. “ಮಿಸ್ತ್ರಿ ನಾ ಅಲ್ರಿ, ಅಂವ” ಅಂದ. ನನ್ನ ಬೆನ್ನಿಗೆ ಕೈ ಹಾಕಿ ಮುಂದೆ ನೂಕಿದ.

ಸಾಹುಕಾರ ನನ್ನ ಮುಖ ನೋಡಿದ, ಕೈ ನೋಡಿದ, ಆಮೇಲೆ ಚೌಕಟ್ಟು ನೋಡಿದ. ಚೌಕಟ್ಟಿನ ಮೇಲೆ ಹೆಚ್ಚು ಹೊತ್ತು ನೋಡಿದ. ಪಟಕಾ ಸುತ್ತಿದ. ಅದು ನನ್ನ ತಲೆಗೆ ಸರಿಯಾಗಿ ಕೂತಿತು.

ಎಲೆ ಅಡಿಕೆ ಹಾಕಿಕೊಳ್ಳಲು ಎಲ್ಲರೂ ನೆರಳಿಗೆ ಹೋದರು. ನಾನು ಹೋಗಲಿಲ್ಲ. ಒಳಗಿನ ಬಾಗಿಲಿನ ಚೌಕಟ್ಟಿಗೆ ಗುರುತು ಹಾಕಿಟ್ಟಿದ್ದೆ. ಪಟಕಾ ತೆಗೆಯದೆ ಮಷೀನಿನ ವಾಯರು ಹಚ್ಚಿದೆ.